ಗಾಯ ಮಾಯುವ ಬಗೆಯನ್ನು ಅರಸಿದ ಕನ್ನಡಿಗ ಡಾ. ಕೆ.ಎನ್. ಉಡುಪ

ನೀರಮಾನ್ವಿ: ಯಲ್ಲಮ್ಮ ದೇವಿಯ ಜಾತ್ರೆಗೆ ಬರಿಗಾಲಲ್ಲಿ ನಡೆದು ಬರುವ ಭಕ್ತರ ಪಾದಗಳನ್ನು ಕಂಡವರಿಗೆ ಗಾಯವೆಂಬುದು ಹೊಸ ವಿಷಯವಲ್ಲ. ಬೊಬ್ಬೆ ಎದ್ದು ಒಡೆದ ಅಂಗಾಲು, ಮುಳ್ಳು ಚುಚ್ಚಿ ಕೀವು ತುಂಬಿದ ಬೆರಳು, ಕಲ್ಲಿಗೆ ಎಡವಿ ಕಿತ್ತುಹೋದ ಉಗುರು. ಒಬ್ಬರ ಗಾಯ ವಾರದೊಳಗೆ ಮಾಯುತ್ತದೆ. ಅದೇ ಹಾದಿಯಲ್ಲಿ ನಡೆದ ಮತ್ತೊಬ್ಬರ ಗಾಯ ತಿಂಗಳು ಕಳೆದರೂ ಹಸಿಯಾಗಿಯೇ ಉಳಿಯುತ್ತದೆ. ಸಕ್ಕರೆ ಕಾಯಿಲೆ, ರಕ್ತಹೀನತೆ, ಅರೆಹೊಟ್ಟೆ ಇವೇ ಮೊದಲಾದ ಕಾರಣಗಳನ್ನು ವೈದ್ಯರು ಹೇಳುವುದುಂಟು. ಕೈಕೊಟ್ಟ ಮಳೆ, ತೀರದ ಸಾಲ, ಮಗಳ ಮದುವೆ ಎಂಬ ಚಿಂತೆಗಳೂ ಆ ಕಾರಣಗಳ ಸಾಲಿನಲ್ಲಿ ಸೇರುತ್ತವೆಯೆ?

ಸೇರುತ್ತವೆ ಎಂಬುದು ಇಂದಿನ ವೈದ್ಯವಿಜ್ಞಾನದ ಉತ್ತರ. ಆದರೆ ಈ ಉತ್ತರದ ಎರಡು ತುದಿಗಳನ್ನು, ಅಂದರೆ ಒಂದೆಡೆ ಗಾಯ ಮಾಯುವ ಕ್ರಮವನ್ನೂ ಇನ್ನೊಂದೆಡೆ ಮನಸ್ಸಿನ ಒತ್ತಡ ದೇಹದಲ್ಲಿ ಮಾಡುವ ಬದಲಾವಣೆಯನ್ನೂ, ಒಂದೇ ಬಾಳಿನಲ್ಲಿ ಅಭ್ಯಸಿಸಿದವರು ವಿರಳ. ಅಂಥ ವಿರಳರಲ್ಲಿ ಒಬ್ಬರು ಕನ್ನಡ ಕರಾವಳಿಯಿಂದ ಕಾಶಿಗೆ ಹೋಗಿ, ಅಲ್ಲಿಯ ಹಿಂದೂ ವಿಶ್ವವಿದ್ಯಾಲಯದಲ್ಲಿ ದೇಶದ ದೊಡ್ಡ ವೈದ್ಯ ಸಂಸ್ಥೆಯೊಂದನ್ನು ಕಟ್ಟಿದ ಶಸ್ತ್ರವೈದ್ಯ ಡಾ. ಕಟೀಲು ನರಸಿಂಹ ಉಡುಪ. ಉತ್ತರ ಭಾರತದ ವೈದ್ಯರ ಬಾಯಲ್ಲಿ ಅವರು ಇಂದಿಗೂ ಕೆ.ಎನ್. ಉಡುಪ. ಆಯುರ್ವೇದ ಓದಿದವರಿಗೆ ಅವರ ಹೆಸರು ಒಂದು ಸಮಿತಿಯ ಹೆಸರಾಗಿ ಪರಿಚಿತ. ತವರು ರಾಜ್ಯದ ಸಾಮಾನ್ಯ ಓದುಗರಿಗೆ ಮಾತ್ರ ಅವರು ಬಹುಮಟ್ಟಿಗೆ ಅಪರಿಚಿತರೇ.

ಕರಾವಳಿಯಿಂದ ಕಾಶಿಗೆ

ಉಡುಪರು ಜನಿಸಿದ್ದು 1920ರಲ್ಲಿ, ಅಂದಿನ ಮದರಾಸು ಆಧಿಪತ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ. ದುರ್ಗಾಪರಮೇಶ್ವರಿಯ ಕ್ಷೇತ್ರವಾದ ಕಟೀಲು ಅವರ ಹೆಸರಿನ ಮೊದಲಕ್ಷರದಲ್ಲಿಯೇ ಇದೆ. ವೈದ್ಯವಿದ್ಯೆಗಾಗಿ ಅವರು ಆರಿಸಿಕೊಂಡದ್ದು ಮದರಾಸನ್ನಲ್ಲ, ಮೈಸೂರನ್ನೂ ಅಲ್ಲ. ಪಂಡಿತ ಮದನಮೋಹನ ಮಾಳವೀಯರು 1916ರಲ್ಲಿ ಸ್ಥಾಪಿಸಿದ ಕಾಶಿ ಹಿಂದೂ ವಿಶ್ವವಿದ್ಯಾಲಯವನ್ನು.

ಅಲ್ಲಿಯ ಆಯುರ್ವೇದ ಕಾಲೇಜು ಆ ಕಾಲಕ್ಕೆ ವಿಶಿಷ್ಟವಾದುದು. ಚರಕ, ಸುಶ್ರುತರ ಸಂಹಿತೆಗಳ ಜೊತೆಗೆ ಆಧುನಿಕ ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಶಸ್ತ್ರಚಿಕಿತ್ಸೆಗಳನ್ನೂ ಅಲ್ಲಿ ಬೋಧಿಸಲಾಗುತ್ತಿತ್ತು. ಎರಡೂ ಪದ್ಧತಿಗಳನ್ನು ಬೆಸೆದ ಪದವಿಗೆ ಎ.ಎಂ.ಎಸ್. ಎಂದು ಹೆಸರು. ಉಡುಪರು ಪಡೆದದ್ದು ಈ ಪದವಿಯನ್ನು. ಅವರ ಮುಂದಿನ ಬಾಳಿನ ಎಲ್ಲ ಸಾಧನೆಗೂ ಎಲ್ಲ ವಿವಾದಕ್ಕೂ ಬೇರು ಇಲ್ಲಿಯೇ ಇದೆಯೆಂದು ಹೇಳಬಹುದು. ಒಂದೇ ತರಗತಿಯಲ್ಲಿ ಎರಡು ಶಾಸ್ತ್ರಗಳನ್ನು ಕಲಿತವರಿಗೆ ಅವೆರಡೂ ಶತ್ರುಗಳೆಂದು ತೋರುವುದು ಕಷ್ಟ.

ಮುಂದೆ ಅವರು ಅಮೆರಿಕೆಯ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಶಸ್ತ್ರಚಿಕಿತ್ಸೆಯ ಎಂ.ಎಸ್. ಪದವಿ ಪಡೆದರು. ಕೆನಡಾದ ರಾಯಲ್ ಕಾಲೇಜಿನ ಫೆಲೊ ಕೂಡ ಆದರು. ಆಯುರ್ವೇದ ಪದವೀಧರನೊಬ್ಬ ಪಾಶ್ಚಾತ್ಯ ಶಸ್ತ್ರವೈದ್ಯರ ಪಂಕ್ತಿಯಲ್ಲಿ ಸಮಾನನಾಗಿ ಕುಳಿತದ್ದು ಅಂದಿನ ದಿನಗಳಲ್ಲಿ ಸಣ್ಣ ಸಂಗತಿಯಲ್ಲ. ಭಾರತದಲ್ಲಿಯೇ ಆ ಪದವಿಯನ್ನು ಎಂ.ಬಿ.ಬಿ.ಎಸ್.ಗೆ ಸಮವೆಂದು ಒಪ್ಪುವವರು ಕಡಿಮೆಯಿದ್ದರು.

ಬೋಸ್ಟನ್ನಿನ ಇಲಿಗಳು

1950ರ ದಶಕದ ನಡುಭಾಗದಲ್ಲಿ ಉಡುಪರು ಬೋಸ್ಟನ್ ನಗರದಲ್ಲಿ ಡಾ. ಎಂಗಲ್‌ಬರ್ಟ್ ಡನ್ಫಿ ಎಂಬ ಶಸ್ತ್ರವೈದ್ಯರೊಡನೆ ಸಂಶೋಧನೆಯಲ್ಲಿ ತೊಡಗಿದರು. ಗಾಯ ಮಾಯುವ ಕ್ರಿಯೆಯ ಅಧ್ಯಯನದಲ್ಲಿ ಡನ್ಫಿಯವರದು ಜಗತ್ತಿನ ಅಗ್ರಗಣ್ಯ ಹೆಸರುಗಳಲ್ಲೊಂದು. ಇವರಿಬ್ಬರ ಹೆಸರಿನಲ್ಲಿ 1955ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಪ್ರಕಟವಾದ ಲೇಖನವನ್ನು ಈ ಕ್ಷೇತ್ರದ ಸಂಶೋಧಕರು ದಶಕಗಳ ಕಾಲ ಉಲ್ಲೇಖಿಸುತ್ತ ಬಂದಿದ್ದಾರೆ.

ಆ ಲೇಖನದ ಸಾರವನ್ನು ಸ್ವಲ್ಪ ಬಿಡಿಸಿ ಹೇಳುವುದು ಅಗತ್ಯ. ಗಾಯವನ್ನು ಕಣ್ಣಿನಿಂದ ನೋಡಿದರೆ ಮೊದಲ ನಾಲ್ಕೈದು ದಿನ ಏನೂ ನಡೆಯುತ್ತಿಲ್ಲವೆಂದೇ ತೋರುತ್ತದೆ. ಹೊಲಿಗೆ ಬಿಚ್ಚಿದರೆ ಅಂಚುಗಳು ಬಿಟ್ಟುಕೊಳ್ಳುತ್ತವೆ. ಹೀಗಾಗಿ ಹಳೆಯ ಗ್ರಂಥಗಳು ಈ ಅವಧಿಯನ್ನು ಗಾಯದ ಸುಪ್ತಕಾಲವೆಂದು ಕರೆಯುತ್ತಿದ್ದವು. ಡನ್ಫಿ ಮತ್ತು ಉಡುಪರು ಇಲಿಗಳ ಗಾಯದಿಂದ ದಿನದಿನವೂ ಅಂಗಾಂಶವನ್ನು ತೆಗೆದು ರಾಸಾಯನಿಕವಾಗಿ ಪರೀಕ್ಷಿಸಿದಾಗ ಬೇರೆಯೇ ಚಿತ್ರ ಕಂಡಿತು. ಆ ಮೊದಲ ದಿನಗಳಲ್ಲಿ ಸಕ್ಕರೆ ಮತ್ತು ಪ್ರೋಟೀನ್ ಅಂಶಗಳು ಕೂಡಿದ ಅಂಟಿನಂಥ ದ್ರವ್ಯ ಗಾಯದೊಳಗೆ ಭರದಿಂದ ಶೇಖರವಾಗುತ್ತಿತ್ತು. ಸುಮಾರು ಐದನೆಯ ದಿನದ ನಂತರ ಅದು ಇಳಿಯತೊಡಗಿ, ಕೊಲಾಜೆನ್ ಎಂಬ ನಾರು ಏರತೊಡಗುತ್ತಿತ್ತು. ಗಾಯದ ಬಿಗಿತವೂ ಕೊಲಾಜೆನ್ ಏರಿದಂತೆಯೇ ಏರುತ್ತಿತ್ತು. ಮಣ್ಣಿನ ಗೋಡೆ ಕಟ್ಟುವವನು ಮೊದಲು ಕೆಸರು ಕಲಸಿ ಹದ ಮಾಡಿಕೊಂಡು, ಆಮೇಲೆ ಕಲ್ಲು ಜೋಡಿಸುತ್ತಾನಲ್ಲ, ಅದೇ ಕ್ರಮ. ಸುಪ್ತಕಾಲವೆಂದು ಎಣಿಸಿದ್ದ ಅವಧಿಯೇ ನಿಜವಾದ ಸಿದ್ಧತೆಯ ಕಾಲವಾಗಿತ್ತು.

ಕೊಲಾಜೆನ್ ಎಷ್ಟಿದೆಯೆಂದು ಅಳೆಯುವುದು ಹೇಗೆ? ಹೈಡ್ರಾಕ್ಸಿಪ್ರೋಲಿನ್ ಎಂಬ ಅಮೈನೊ ಆಮ್ಲ ದೇಹದಲ್ಲಿ ಬಹುಪಾಲು ಕೊಲಾಜೆನ್‌ನಲ್ಲಿ ಮಾತ್ರ ದೊರೆಯುತ್ತದೆ. ಅದನ್ನು ತೂಗಿದರೆ ಕೊಲಾಜೆನ್ನಿನ ಲೆಕ್ಕ ಸಿಗುತ್ತದೆ. ವಿಧಾನ ಸರಳವೆಂದು ಕೇಳಲು ತೋರಿದರೂ, ಅದಕ್ಕೆ ಪ್ರಾಣಿಗಳ ಪಾಲನಾಗೃಹ ಬೇಕು, ರಸಾಯನಜ್ಞ ಬೇಕು, ಅಂಗಾಂಶವನ್ನು ತೆಳುವಾಗಿ ಸೀಳಿ ಬಣ್ಣ ಕಟ್ಟುವ ಕುಶಲಕರ್ಮಿ ಬೇಕು, ಗಾಯದ ಬಿಗಿತವನ್ನು ಎಳೆದು ಅಳೆಯುವ ಯಂತ್ರ ಬೇಕು. ಶಸ್ತ್ರವೈದ್ಯನೊಬ್ಬ ತನ್ನ ಕೋಣೆಯಲ್ಲಿ ಒಬ್ಬನೇ ಕುಳಿತು ಮಾಡುವ ಕೆಲಸ ಇದಲ್ಲ. ಹಲವರು ಹಂಚಿಕೊಂಡು ಬಳಸುವ ಪ್ರಯೋಗಾಲಯವಿಲ್ಲದೆ ಗಾಯದ ವಿಜ್ಞಾನ ಒಂದು ಹೆಜ್ಜೆಯೂ ಮುಂದೆ ಹೋಗದು. ಉಡುಪರು ಬೋಸ್ಟನ್ನಿನಿಂದ ತಂದ ದೊಡ್ಡ ಪಾಠ ಇದೇ ಎಂಬುದು ಅವರ ಮುಂದಿನ ಕೆಲಸವನ್ನು ನೋಡಿದವರಿಗೆ ವೇದ್ಯವಾಗುತ್ತದೆ.

ಮರುವರ್ಷ, 1956ರಲ್ಲಿ, ಇನ್ನೆರಡು ಅಧ್ಯಯನಗಳು ಹೊರಬಂದವು. ಒಂದರಲ್ಲಿ ಪ್ರೋಟೀನ್ ಕೊರತೆಯಿಂದ ಬಳಲಿದ ಪ್ರಾಣಿಗಳ ಗಾಯಕ್ಕೆ ಮೆಥಿಯೊನಿನ್ ಎಂಬ ಒಂದೇ ಅಮೈನೊ ಆಮ್ಲ ಏನು ಮಾಡಬಲ್ಲುದೆಂಬ ಪರಿಶೀಲನೆ. ಇನ್ನೊಂದರಲ್ಲಿ ಸಿ ಜೀವಸತ್ವದ ಕೊರತೆಯ ಪರಿಶೀಲನೆ. ಸಿ ಜೀವಸತ್ವ ಇಲ್ಲದಾಗ ಗಾಯದಲ್ಲಿ ಕೊಲಾಜೆನ್ ಸರಿಯಾಗಿ ರೂಪುಗೊಳ್ಳುವುದಿಲ್ಲ. ಕೆಸರು ಹದವಾಗಿದ್ದರೂ ಕಲ್ಲು ಬಾರದ ಸ್ಥಿತಿ ಅದು. ಉಣ್ಣಲು ಜೋಳದ ರೊಟ್ಟಿಯ ಹೊರತು ಬೇರೇನೂ ಇಲ್ಲದ ಮನೆಗಳಿರುವ ನಮ್ಮ ಮಾನ್ವಿ, ದೇವದುರ್ಗದ ಸೀಮೆಯಲ್ಲಿ ಈ ಫಲಿತಾಂಶದ ಅರ್ಥವನ್ನು ವಿವರಿಸಿ ಹೇಳಬೇಕಾಗಿಲ್ಲ.

ಸಮಿತಿಯ ಅಧ್ಯಕ್ಷ

ಸ್ವದೇಶದಲ್ಲಿ ಉಡುಪರು ಶಿಮ್ಲಾದ ಹಿಮಾಚಲ ಪ್ರದೇಶ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯರಾಗಿದ್ದಾಗ, 1958ರ ಜುಲೈ ತಿಂಗಳಲ್ಲಿ ಕೇಂದ್ರ ಸರ್ಕಾರವು ಆಯುರ್ವೇದದ ಸ್ಥಿತಿಗತಿಯನ್ನು ಅಳೆಯಲು ಒಂದು ಸಮಿತಿಯನ್ನು ನೇಮಿಸಿ ಅವರನ್ನು ಅಧ್ಯಕ್ಷರನ್ನಾಗಿ ಮಾಡಿತು. ವರದಿ ಸಲ್ಲಿಕೆಯಾದದ್ದು 1959ರಲ್ಲಿ. ಉಡುಪ ಸಮಿತಿಯೆಂದೇ ಅದು ಪ್ರಸಿದ್ಧ.

ಇದಕ್ಕೂ ಮೊದಲು 1946ರ ಭೋರ್ ಸಮಿತಿ ಆಧುನಿಕ ವೈದ್ಯದ ಮೇಲೆಯೇ ದೇಶದ ಆರೋಗ್ಯ ವ್ಯವಸ್ಥೆಯನ್ನು ನಿಲ್ಲಿಸಿತ್ತು. ಚೋಪ್ರಾ ಸಮಿತಿ ಎರಡನ್ನೂ ಬೆಸೆಯಲು ಹೇಳಿತ್ತು. ಉಡುಪ ಸಮಿತಿಯು ಬೆಸುಗೆಯ ಶಿಕ್ಷಣಕ್ಕೆ ಒಲವು ತೋರಿ, ಆಯುರ್ವೇದ ಸಂಶೋಧನೆಗೆ ಕೇಂದ್ರ ಮಟ್ಟದ ಪರಿಷತ್ತೊಂದು ಅಗತ್ಯವೆಂದು ಸೂಚಿಸಿತು. ಔಷಧಗಳ ಗುಣಮಟ್ಟದ ಪ್ರಶ್ನೆಯನ್ನೂ ಎತ್ತಿತು. ಆದರೆ ನಾಲ್ಕೇ ವರ್ಷಗಳಲ್ಲಿ ಗಾಳಿ ತಿರುಗಿತು. ಗುಜರಾತಿನ ಮೋಹನಲಾಲ್ ವ್ಯಾಸರ ನೇತೃತ್ವದ ಸಮಿತಿ ಶುದ್ಧ ಆಯುರ್ವೇದದ ಪಠ್ಯಕ್ರಮವನ್ನು ಮುಂದಿಟ್ಟಿತು. ಆಧುನಿಕ ವಿಷಯಗಳನ್ನು ಬೆರೆಸುವುದರಿಂದ ಆಯುರ್ವೇದವೇ ಕಳೆದುಹೋಗುತ್ತದೆ ಎಂಬುದು ಆ ಪಕ್ಷದ ವಾದ. ಬೆರೆಸದಿದ್ದರೆ ಅದು ಬೆಳೆಯುವುದೇ ಇಲ್ಲವೆಂಬುದು ಉಡುಪರ ಪಕ್ಷದ ವಾದ. ಕೇಂದ್ರೀಯ ಸಂಶೋಧನಾ ಪರಿಷತ್ತು ಸ್ಥಾಪನೆಗೊಂಡದ್ದು ವರದಿಯ ಹತ್ತು ವರ್ಷಗಳ ನಂತರ, 1969ರಲ್ಲಿ.

ಈ ಕಲಹದ ಬಿಸಿ ಅವರ ಮಾತೃಸಂಸ್ಥೆಗೂ ತಟ್ಟಿತ್ತು. ತಾವು ಓದಿದ ಆಯುರ್ವೇದ ಕಾಲೇಜೇ 1960ರಲ್ಲಿ ಮುಚ್ಚಿ, ಆ ಜಾಗದಲ್ಲಿ ಎಂ.ಬಿ.ಬಿ.ಎಸ್. ನೀಡುವ ವೈದ್ಯವಿಜ್ಞಾನ ಕಾಲೇಜು ಹುಟ್ಟಿದಾಗ ಅದರ ಪ್ರಾಂಶುಪಾಲರಾಗಿ ಬಂದವರು ಉಡುಪರು. ಇದನ್ನು ದ್ರೋಹವೆಂದು ನೋಡಿದ ಆಯುರ್ವೇದಾಭಿಮಾನಿಗಳಿದ್ದರೆ ಆಶ್ಚರ್ಯವಿಲ್ಲ. ಮಾಳವೀಯರು ಆಸೆಯಿಂದ ಬೆಳೆಸಿದ ವಿಭಾಗವೊಂದರ ಬಾಗಿಲು ಹಾಕಿದಂತಾಯಿತಲ್ಲವೆ? ಆದರೆ ಕಥೆ ಅಲ್ಲಿಗೆ ನಿಲ್ಲಲಿಲ್ಲ. 1963ರಲ್ಲಿ ಅದೇ ಆವರಣದಲ್ಲಿ ಭಾರತೀಯ ವೈದ್ಯಪದ್ಧತಿಯ ಸ್ನಾತಕೋತ್ತರ ಸಂಸ್ಥೆ ಆರಂಭವಾಯಿತು. 1971ರಲ್ಲಿ ಕಾಲೇಜು ವೈದ್ಯವಿಜ್ಞಾನ ಸಂಸ್ಥೆಯಾಗಿ ಬಡ್ತಿ ಪಡೆದಾಗ ಉಡುಪರೇ ಮೊದಲ ನಿರ್ದೇಶಕರು. ಆಧುನಿಕ ವೈದ್ಯ ಮತ್ತು ಆಯುರ್ವೇದ ಎರಡೂ ಒಂದೇ ಸಂಸ್ಥೆಯ ಸೂರಿನಡಿ ಉಳಿದವು. ದೇಶದಲ್ಲಿ ಇಂಥ ಏರ್ಪಾಡು ಅಪರೂಪ.

ಬೇಲಿಯ ಬಳ್ಳಿ ಪ್ರಯೋಗಾಲಯಕ್ಕೆ

ಒಂದೇ ಸೂರಿನಡಿ ಎಂಬುದು ಬರಿಯ ಆಡಳಿತದ ಮಾತಲ್ಲ. ಅದರ ಅರ್ಥ ಕಾಣಬೇಕಾದರೆ ಉಡುಪರು ಬನಾರಸಿನಲ್ಲಿ ಬೆಳೆಸಿದ ಶಸ್ತ್ರವೈದ್ಯ ಸಂಶೋಧನಾ ಪ್ರಯೋಗಾಲಯದ ಕೆಲಸವನ್ನು ನೋಡಬೇಕು. ಆಯುರ್ವೇದದ ವಿದ್ವಾಂಸ ಗ್ರಂಥದಿಂದ ಒಂದು ಮೂಲಿಕೆಯನ್ನು ಹೆಸರಿಸುತ್ತಾನೆ, ಶಸ್ತ್ರವೈದ್ಯ ಅದನ್ನು ರೋಗಿಯಲ್ಲಿಯೂ ಪ್ರಾಣಿಯಲ್ಲಿಯೂ ಪರೀಕ್ಷಿಸುತ್ತಾನೆ, ಜೀವರಸಾಯನಜ್ಞ ಅಳೆಯುತ್ತಾನೆ. ಮೂವರಿಗೂ ಸಲಕರಣೆ ಒಂದೇ.

ಅಲ್ಲಿ ಪರೀಕ್ಷೆಗೆ ಒಳಗಾದ ಮೂಲಿಕೆಗಳಲ್ಲಿ ಪ್ರಸಿದ್ಧವಾದುದು ನಮ್ಮ ಹೊಲದ ಬೇಲಿಗಳಲ್ಲಿ, ಕಲ್ಲುಗುಡ್ಡಗಳಲ್ಲಿ ನೀರಿಲ್ಲದೆಯೂ ಹಬ್ಬುವ ಮಂಗರವಳ್ಳಿ. ನಾಲ್ಕು ಮೂಲೆಯ ಕಾಂಡ, ಗೇಣಿಗೊಂದು ಗಂಟು, ಗಂಟಿಗೊಂದು ಎಲೆ. ನೋಡಿದರೆ ಮೂಳೆಗಳನ್ನು ಪೋಣಿಸಿದಂತೆ. ಸಂಸ್ಕೃತದಲ್ಲಿ ಅಸ್ಥಿಸಂಹಾರಿ, ಹಿಂದಿಯಲ್ಲಿ ಹಡಜೋಡ. ಎಳೆಯ ಕುಡಿಯನ್ನು ಹುಣಸೆಹಣ್ಣಿನೊಡನೆ ಹುರಿದು ಚಟ್ನಿ ಮಾಡುವವರು ಕರ್ನಾಟಕದಲ್ಲಿ ಅನೇಕರು. ಹುಣಸೆ ಕಡಿಮೆಯಾದರೆ ನಾಲಿಗೆ ತುರಿಸುತ್ತದೆಂಬುದೂ ಅವರಿಗೆ ಗೊತ್ತು. ಮುರಿದ ಮೂಳೆಗೆ ಇದನ್ನು ಅರೆದು ಕಟ್ಟುವ ನಾಟಿ ವೈದ್ಯರು ಹಳ್ಳಿಹಳ್ಳಿಯಲ್ಲಿದ್ದರು.

ಅದು ನಂಬಿಕೆಯೋ ನಿಜವೋ? ಉಡುಪರು ಡಾ. ಜಿ.ಸಿ. ಪ್ರಸಾದ್ ಅವರೊಡನೆ 1960ರ ದಶಕದ ಆರಂಭದಲ್ಲಿ ಈ ಪ್ರಶ್ನೆಗೆ ಸರಣಿಯಾಗಿ ಉತ್ತರ ಹುಡುಕಿದರು. 1962ರಲ್ಲಿ ಮೂಳೆ ಮುರಿದ ರೋಗಿಗಳ ಅಧ್ಯಯನ ಪ್ರಕಟವಾಯಿತು. 1963ರಲ್ಲಿ ಕಾರ್ಟಿಸೋನ್ ಕೊಟ್ಟ ಪ್ರಾಣಿಗಳ ಮೂಳೆಮುರಿತದ ಅಧ್ಯಯನ. 1964ರಲ್ಲಿ ವಿಕಿರಣಶೀಲ ಕ್ಯಾಲ್ಸಿಯಂ-45ನ್ನು ಗುರುತಾಗಿ ಬಳಸಿ, ಮುರಿದ ಜಾಗಕ್ಕೆ ಎಷ್ಟು ಕ್ಯಾಲ್ಸಿಯಂ ಸೇರುತ್ತದೆ, ಕೂಡಿದ ಮೂಳೆ ಎಷ್ಟು ಭಾರ ತಾಳುತ್ತದೆ ಎಂಬುದರ ಅಳತೆ. ಬಳ್ಳಿಯ ಸಾರದಿಂದ ಮೂಳೆ ಕೂಡುವ ಗತಿ ಚುರುಕಾಗುತ್ತದೆಂಬುದು ಅವರು ತಲುಪಿದ ನಿರ್ಣಯ.

ಈ ಮೂರರಲ್ಲಿ ನಡುವಿನದು ನಮ್ಮ ವಿಷಯಕ್ಕೆ ಮುಖ್ಯ. ಕಾರ್ಟಿಸೋನ್ ಎಂಬುದು ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯ ಹಾರ್ಮೋನು. ದೇಹ ಒತ್ತಡಕ್ಕೆ ಸಿಲುಕಿದಾಗ ಅದೇ ಗ್ರಂಥಿಯಿಂದ ಈ ವರ್ಗದ ಹಾರ್ಮೋನುಗಳು ಹೆಚ್ಚಾಗಿ ಸುರಿಯುತ್ತವೆ. ಅವು ಅಧಿಕವಾದರೆ ಗಾಯವೂ ತಡವಾಗಿ ಮಾಯುತ್ತದೆ, ಮೂಳೆಯೂ ತಡವಾಗಿ ಕೂಡುತ್ತದೆ. ಹಾಗೆ ತಡೆಹಿಡಿದ ಮೂಳೆಯನ್ನು ಮಂಗರವಳ್ಳಿ ಮತ್ತೆ ದಾರಿಗೆ ತರಬಲ್ಲುದೆ ಎಂದು ಅವರು ಕೇಳಿದ್ದರು. ತಡೆಯ ಪ್ರಭಾವವನ್ನು ಅದು ತಗ್ಗಿಸುತ್ತದೆಂದು ವರದಿ ಮಾಡಿದರು. ಮಾತೇನೋ ಮೂಳೆಯದು. ಆದರೆ ಒತ್ತಡದ ಹಾರ್ಮೋನು ಮತ್ತು ಮಾಯುವಿಕೆಯ ನಡುವಣ ನಂಟು ಅಲ್ಲಿಯೇ ಬನಾರಸಿನ ಪ್ರಯೋಗಾಲಯದ ಮೇಜಿನ ಮೇಲೆ ಬಂದಿತ್ತು.

ಇಲ್ಲಿ ಒಂದು ಎಚ್ಚರಿಕೆ ಸಲ್ಲುತ್ತದೆ. ಇಂದಿನ ಅಳತೆಗೋಲಿನಲ್ಲಿ ಆ ಕಾಲದ ರೋಗಿಗಳ ಅಧ್ಯಯನಗಳು ಚಿಕ್ಕವು. ಉಡುಪರು ಬಳ್ಳಿಯನ್ನು ಪ್ರಯೋಗಾಲಯಕ್ಕೆ ಒಯ್ದರೇ ಹೊರತು ಎಕ್ಸ್-ರೇ ತೆಗೆಯುವುದನ್ನೂ ಪಟ್ಟಿ ಹಾಕುವುದನ್ನೂ ಬಿಡಲಿಲ್ಲ. ಅವರ ಹೆಸರು ಹೇಳಿ ಮಾತ್ರೆ ಮಾರುವ ಜಾಹೀರಾತುಗಳು ಈ ಭಾಗವನ್ನು ಮರೆಯುತ್ತವೆ. ಮೂಳೆ ಓರೆಯಾಗಿ ಕೂಡಿದ ಕೂಲಿಕಾರನಿಗೆ ಅದು ಬೇಗ ಕೂಡಿದ್ದರಿಂದ ಬಂದ ಭಾಗ್ಯವೇನೂ ಇಲ್ಲ.

ಇದೇ ಆವರಣದಲ್ಲಿ ಸುಶ್ರುತನ ಕ್ಷಾರಸೂತ್ರವೂ ಮರುಹುಟ್ಟು ಪಡೆಯಿತು. ಗುದದ್ವಾರದ ಬಳಿಯ ಭಗಂದರಕ್ಕೆ ಔಷಧ ಲೇಪಿಸಿದ ದಾರವನ್ನು ಕಟ್ಟಿ ನಿಧಾನವಾಗಿ ಸೀಳುತ್ತ, ಜೊತೆಜೊತೆಗೇ ಮಾಯಿಸುತ್ತ ಹೋಗುವ ವಿಧಾನ ಅದು. ಪ್ರೊ. ಪಿ.ಜೆ. ದೇಶಪಾಂಡೆ ಮತ್ತು ಅವರ ಸಹೋದ್ಯೋಗಿಗಳು ಅದನ್ನು 1960ರ ದಶಕದಲ್ಲಿ ಆಸ್ಪತ್ರೆಯ ಚಿಕಿತ್ಸೆಯಾಗಿ ನೆಲೆಗೊಳಿಸಿದರು. ಇಂದು ಆಯುರ್ವೇದ ಶಸ್ತ್ರವೈದ್ಯರ ಕೈಯಲ್ಲಿ ಹೆಚ್ಚು ಬಳಕೆಯಲ್ಲಿರುವ ವಿಧಾನಗಳಲ್ಲಿ ಇದು ಒಂದು. ಗಾಯದ ಚಿಕಿತ್ಸೆಗೆ ಅರವತ್ತು ಉಪಕ್ರಮಗಳನ್ನು ಎಣಿಸಿದ ಸುಶ್ರುತ ಕಾಶಿಯವನೆಂಬುದು ಪರಂಪರೆಯ ನಂಬಿಕೆ. ಆ ಊರಿನಲ್ಲಿಯೇ ಈ ಕೆಲಸ ನಡೆದದ್ದು ಒಂದು ಸೊಗಸು.

ಒತ್ತಡದ ಕಡೆಗೆ

1970ರ ದಶಕದಲ್ಲಿ ಉಡುಪರ ಆಸಕ್ತಿ ಕ್ರಮೇಣ ಗಾಯದಿಂದ ಒತ್ತಡದ ಕಡೆಗೆ ತಿರುಗಿತು. ತಿರುಗಿತೆನ್ನುವುದಕ್ಕಿಂತ ಅದೇ ದಾರಿಯಲ್ಲಿ ಹಿಂದಕ್ಕೆ ನಡೆಯಿತೆನ್ನುವುದು ಸರಿಯಾದೀತು. ಹಾರ್ಮೋನು ಗಾಯವನ್ನು ತಡೆಯುತ್ತದೆ. ಆ ಹಾರ್ಮೋನನ್ನು ಹೊರಡಿಸುವುದು ಯಾವುದು?

ಒತ್ತಡ ಎಂಬ ಪರಿಕಲ್ಪನೆಗೆ ವೈದ್ಯವಿಜ್ಞಾನದಲ್ಲಿ ಅಡಿಪಾಯ ಹಾಕಿದವರು ವಿಯೆನ್ನಾದಲ್ಲಿ ಹುಟ್ಟಿ ಕೆನಡಾದ ಮಾಂಟ್ರಿಯಲ್‌ನಲ್ಲಿ ನೆಲೆಸಿದ ಹಾನ್ಸ್ ಸೆಲ್ಯೆ. ಶೀತ, ಗಾಯ, ವಿಷ, ಅತಿಶ್ರಮ ಯಾವುದರಿಂದ ಪೀಡಿಸಿದರೂ ಇಲಿಗಳ ದೇಹ ಒಂದೇ ಬಗೆಯಾಗಿ ಪ್ರತಿಕ್ರಿಯಿಸುತ್ತದೆಂದು ಅವರು 1936ರಲ್ಲಿ ನೇಚರ್ ಪತ್ರಿಕೆಗೆ ಬರೆದ ಕಿರುಪತ್ರವೇ ಈ ಶಾಸ್ತ್ರದ ಮೊದಲು. ಅಡ್ರಿನಲ್ ಗ್ರಂಥಿ ಊದುತ್ತದೆ, ಥೈಮಸ್ ಕುಗ್ಗುತ್ತದೆ, ಜಠರದಲ್ಲಿ ಹುಣ್ಣಾಗುತ್ತದೆ. ಮಾಂಟ್ರಿಯಲ್‌ನಲ್ಲಿ 1945ರಿಂದ ಸೆಲ್ಯೆ ನಡೆಸಿದ ಪ್ರಾಯೋಗಿಕ ವೈದ್ಯ ಮತ್ತು ಶಸ್ತ್ರವೈದ್ಯ ಸಂಸ್ಥೆಯೂ ಹಲವು ಬಗೆಯ ಪರಿಣತರು ಒಂದೇ ಕಡೆ ಕೂಡಿ ದುಡಿಯುವ ತಾಣವಾಗಿತ್ತು. ಅವರು ತೀರಿಕೊಂಡದ್ದು 1982ರಲ್ಲಿ.

ಉಡುಪರು ಈ ಪಾಶ್ಚಾತ್ಯ ಎಳೆಗೆ ಯೋಗದ ಎಳೆಯನ್ನು ಸೇರಿಸಿದರು. ಡಾ. ರಾಮ ಹರ್ಷ ಸಿಂಗ್ ಮೊದಲಾದವರೊಡನೆ ಯುವ ಸ್ವಯಂಸೇವಕರಿಗೆ ತಿಂಗಳುಗಟ್ಟಲೆ ಆಸನ, ಪ್ರಾಣಾಯಾಮಗಳನ್ನು ಕಲಿಸಿ, ಮೊದಲೂ ನಂತರವೂ ಅವರ ರಕ್ತ ಹಾಗೂ ಮೂತ್ರಗಳನ್ನು ಪರೀಕ್ಷಿಸಿದರು. ಅಡ್ರಿನಲ್ ಹಾರ್ಮೋನುಗಳು, ಅಸಿಟೈಲ್‌ಕೋಲಿನ್, ಕ್ಯಾಟೆಕೋಲಮೀನ್‌ಗಳಂಥ ನರದ್ರವ್ಯಗಳು, ಇವುಗಳ ಏರಿಳಿತವನ್ನು ದಾಖಲಿಸಿದರು. ಯೋಗವೆಂದರೆ ಸಾಧು ಸಂತರ ವಿಷಯವೆಂದು ವೈದ್ಯ ಕಾಲೇಜುಗಳು ಎಣಿಸಿದ್ದ ಕಾಲವದು. ಅಮೆರಿಕನ್ ವೈದ್ಯ ಸಂಘದ ಪತ್ರಿಕೆಯಲ್ಲಿ 1972ರಲ್ಲಿ ಯೋಗದ ವೈಜ್ಞಾನಿಕ ನೆಲೆಯ ಬಗ್ಗೆ ಉಡುಪ ಮತ್ತು ಸಿಂಗ್ ಅವರ ಬರಹ ಪ್ರಕಟವಾಯಿತು. ಸಹೋದ್ಯೋಗಿಗಳೊಡನೆ ನಡೆಸಿದ ಅಧ್ಯಯನಗಳು 1973 ಮತ್ತು 1975ರಲ್ಲಿ ಭಾರತೀಯ ವೈದ್ಯ ಸಂಶೋಧನಾ ಪತ್ರಿಕೆಯಲ್ಲಿ ಬಂದವು. ರಾಮ ಹರ್ಷ ಸಿಂಗ್ ಮುಂದೆ ಆಯುರ್ವೇದದ ಹೆಸರಾಂತ ವಿದ್ವಾಂಸರಾಗಿ 2016ರಲ್ಲಿ ಪದ್ಮಶ್ರೀ ಪಡೆದರು.

ಒತ್ತಡಜನ್ಯ ರೋಗಗಳು ನಾಲ್ಕು ಹಂತಗಳಲ್ಲಿ ಬೆಳೆಯುತ್ತವೆಂಬುದು ಉಡುಪರ ಪ್ರತಿಪಾದನೆ. ಮೊದಲು ಮನಸ್ಸಿನಲ್ಲಿ ಮಾತ್ರ ತಳಮಳ. ಎರಡನೆಯ ಹಂತದಲ್ಲಿ ಅದು ನಡುಕ, ಎದೆಬಡಿತಗಳಾಗಿ ದೇಹದಲ್ಲಿ ಕಾಣುತ್ತದೆ. ಮೂರನೆಯದರಲ್ಲಿ ಅಂಗವೊಂದರ ಕೆಲಸ ಕೆಡುತ್ತದೆ. ನಾಲ್ಕನೆಯದರಲ್ಲಿ ಆ ಅಂಗದ ರಚನೆಯೇ ಕೆಟ್ಟು, ಶಸ್ತ್ರವೈದ್ಯನ ಕತ್ತರಿಯ ಬಳಿಗೆ ಬರುತ್ತದೆ. ಈ ವಿಚಾರಗಳನ್ನು ಒಳಗೊಂಡ ಅವರ ಪುಸ್ತಕ 1978ರಲ್ಲಿ ಪ್ರಕಟವಾಗಿ, 1985ರಲ್ಲಿ ಬೇರೊಂದು ರೂಪದಲ್ಲಿ ಮತ್ತೆ ಬಂದಿತು. ಕಡೆಯ ಹಂತದ ರೋಗಿಗಳನ್ನೇ ವರ್ಷಗಟ್ಟಲೆ ಕಂಡ ಶಸ್ತ್ರವೈದ್ಯ ಮೊದಲ ಹಂತವನ್ನು ಹುಡುಕಿಕೊಂಡು ಹೋದದ್ದರಲ್ಲಿ ತರ್ಕವಿದೆ. ಆದರೆ ಹಂತಗಳ ಈ ಅಚ್ಚುಕಟ್ಟು ನಿಜವಾದ ರೋಗಿಗಳಲ್ಲಿ ಎಷ್ಟರಮಟ್ಟಿಗೆ ಕಾಣುತ್ತದೆ ಎಂಬುದು ಚರ್ಚಾಸ್ಪದ. ಯೋಗದ ಪ್ರಯೋಗಗಳಲ್ಲಿಯೂ ಸ್ವಯಂಸೇವಕರ ಸಂಖ್ಯೆ ಕಡಿಮೆ. ಹೊಸ ದಾರಿ ತೆರೆದ ಕೆಲಸವೆಂದು ಅದನ್ನು ಗೌರವಿಸಬೇಕೇ ಹೊರತು ಅಂತಿಮ ತೀರ್ಪೆಂದು ಓದಬಾರದು. ವಿಷಾದವು ರೋಗವನ್ನು ಬೆಳೆಸುವುದರಲ್ಲಿ ಮುಂಚೂಣಿಯದೆಂದು ಚರಕ ಸಂಹಿತೆ ಎಣಿಸಿದೆ. ಆ ಎಣಿಕೆಯನ್ನು ಅಳತೆಯಾಗಿಸಲು ಯತ್ನಿಸಿದ್ದು ಉಡುಪರ ಹೆಗ್ಗಳಿಕೆ.

ಶಸ್ತ್ರವೈದ್ಯ, ಆಡಳಿತಗಾರ, ಸಂಶೋಧಕ ಮೂರೂ ಆಗಿ ದುಡಿದ ಅವರಿಗೆ ಭಾರತ ಸರ್ಕಾರ ಪದ್ಮಶ್ರೀ ನೀಡಿ ಗೌರವಿಸಿತು. ಅವರು ನಿಧನರಾದದ್ದು 1992ರಲ್ಲಿ.

ಅವರ ನಂತರ

ಉಡುಪರು ಬಾಳಿನ ಎರಡು ಕಾಲಘಟ್ಟಗಳಲ್ಲಿ ಬೇರೆಬೇರೆಯಾಗಿ ಅಭ್ಯಸಿಸಿದ ಎರಡು ವಿಷಯಗಳು ಮನುಷ್ಯರಲ್ಲಿ ನೇರವಾಗಿ ಕೂಡಿದ್ದು ಅವರು ತೀರಿಕೊಂಡ ಮೂರು ವರ್ಷಗಳ ನಂತರ, ಅಮೆರಿಕೆಯ ಒಹಾಯೊದಲ್ಲಿ. ಮರೆವಿನ ರೋಗಕ್ಕೆ ತುತ್ತಾದ ಬಂಧುಗಳನ್ನು ಮನೆಯಲ್ಲಿ ನೋಡಿಕೊಳ್ಳುತ್ತಿದ್ದ 13 ಮಹಿಳೆಯರು ಮತ್ತು ಅಂಥ ಹೊರೆಯಿಲ್ಲದ 13 ಮಹಿಳೆಯರು ಅಧ್ಯಯನಕ್ಕೆ ಒಪ್ಪಿದರು. ಎಲ್ಲರ ತೋಳಿನ ಮೇಲೂ 3.5 ಮಿಲಿಮೀಟರ್ ಅಗಲದ ಒಂದೇ ಅಳತೆಯ ಗಾಯ ಮಾಡಿ, ಅದು ಮಾಯುವ ದಿನಗಳನ್ನು ಎಣಿಸಲಾಯಿತು. ಆರೈಕೆಯ ಹೊರೆ ಹೊತ್ತವರ ಗಾಯ ಮಾಯಲು ಸುಮಾರು 9 ದಿನ ಹೆಚ್ಚು ಹಿಡಿಯಿತು. 1995ರ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅದರ ವರದಿ ಬಂದಿತು. 1998ರಲ್ಲಿ ಅದೇ ತಂಡ 11 ಮಂದಿ ದಂತವೈದ್ಯ ವಿದ್ಯಾರ್ಥಿಗಳ ಅಂಗುಳಿನಲ್ಲಿ ಒಮ್ಮೆ ಬೇಸಿಗೆ ರಜೆಯಲ್ಲೂ ಇನ್ನೊಮ್ಮೆ ಪರೀಕ್ಷೆಯ ಹೊತ್ತಿನಲ್ಲೂ ಒಂದೇ ಅಳತೆಯ ಗಾಯ ಮಾಡಿ ನೋಡಿತು. ಪರೀಕ್ಷೆಯ ಹೊತ್ತಿನ ಗಾಯ ಶೇ 40ರಷ್ಟು ನಿಧಾನವಾಗಿ ಮಾಯಿತು. ಗಾಯವಾದ ಮೊದಲ ದಿನಗಳಲ್ಲಿ ರಕ್ಷಕ ಕೋಶಗಳನ್ನು ಕರೆಯುವ ಸಂಕೇತದ್ರವ್ಯಗಳು ಒತ್ತಡದಲ್ಲಿರುವವರಲ್ಲಿ ಕಡಿಮೆ ಹುಟ್ಟುತ್ತವೆ, ಇದಕ್ಕೆ ಕಾರ್ಟಿಸೋಲ್ ಮುಖ್ಯ ಕಾರಣಗಳಲ್ಲೊಂದು ಎಂಬುದು ಮುಂದಿನ ಅಧ್ಯಯನಗಳ ವಿವರಣೆ. ಬೋಸ್ಟನ್ನಿನಲ್ಲಿ ಉಡುಪರು ಸಿದ್ಧತೆಯ ಕಾಲವೆಂದು ಗುರುತಿಸಿದ ಆ ಮೊದಲ ದಿನಗಳೇ ಇಲ್ಲಿಯೂ ನಿರ್ಣಾಯಕವಾದುದನ್ನು ಗಮನಿಸಬೇಕು.

ಇಂಥ ಅಧ್ಯಯನವೊಂದಕ್ಕೆ ಮನಶ್ಶಾಸ್ತ್ರಜ್ಞ, ಶಸ್ತ್ರವೈದ್ಯ, ರೋಗನಿರೋಧ ತಜ್ಞ, ಸಂಖ್ಯಾಶಾಸ್ತ್ರಜ್ಞ ಎಲ್ಲರೂ ಬೇಕು. ಪ್ರತಿಯೊಬ್ಬರೂ ತಮ್ಮದೇ ಯಂತ್ರ ಕೊಳ್ಳುತ್ತ ಕೂತರೆ ಹಣವೂ ಸಾಲದು, ಆಯುಷ್ಯವೂ ಸಾಲದು. ನಮ್ಮ ಜಿಲ್ಲೆಯ ಮಟ್ಟಿಗೆ ಈ ಮಾತು ದೂರದ ವಿಷಯವಲ್ಲ. 1956ರವರೆಗೆ ಹೈದರಾಬಾದ್ ಸಂಸ್ಥಾನ ಹಾಗೂ ರಾಜ್ಯದ ಭಾಗವಾಗಿದ್ದ ರಾಯಚೂರಿಗೆ ಸರ್ಕಾರಿ ವೈದ್ಯ ಕಾಲೇಜು ಬಂದದ್ದು 2007ರಲ್ಲಿ. ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆ ಇಲ್ಲಿಗೇ ಬರಬೇಕೆಂದು 2022ರ ಮೇ ತಿಂಗಳಲ್ಲಿ ನಗರದಲ್ಲಿ ಆರಂಭವಾದ ಧರಣಿ ಸಾವಿರ ದಿನಗಳನ್ನೂ ದಾಟಿತು. ಧರಣಿಯ ಮಂಟಪದಲ್ಲಿ ಹೆಚ್ಚಾಗಿ ಕೇಳಿಬಂದ ಮಾತು ಹಾಸಿಗೆ, ತಜ್ಞರು, ತುರ್ತು ಚಿಕಿತ್ಸೆಗಳದು. ಅದು ಸಹಜವೇ. ಸಂಶೋಧನಾಲಯದ ಮಾತು ಅಷ್ಟಾಗಿ ಕೇಳಲಿಲ್ಲ. ಆದರೆ ಬತ್ತದ ಗದ್ದೆಯ ಕೆಸರಿನಲ್ಲಿ ದಿನವಿಡೀ ನಿಲ್ಲುವ ಹೆಣ್ಣುಮಕ್ಕಳ ಕಾಲಿನ ಹುಣ್ಣು, ಹಟ್ಟಿಯ ಗಣಿಯಲ್ಲಿ ದುಡಿಯುವವರ ಗಾಯ, ಸಾಲಗಾರ ರೈತನ ಮಾಯದ ಪಾದ ಇವುಗಳನ್ನು ಅಳೆದು ತೂಗಿ ಅಭ್ಯಸಿಸಲು ಬನಾರಸಿಗಿಂತ, ಬೋಸ್ಟನ್ನಿಗಿಂತ ಈ ನೆಲವೇ ಹೆಚ್ಚು ಯೋಗ್ಯವಲ್ಲವೆ?

ಉಡುಪರು ಆಯುರ್ವೇದ ಕಾಲೇಜಿನ ಜಾಗದಲ್ಲಿ ಕಟ್ಟಿದ ಬನಾರಸಿನ ಸಂಸ್ಥೆಯನ್ನು ಅಖಿಲ ಭಾರತ ಸಂಸ್ಥೆಯ ಮಟ್ಟಕ್ಕೆ ಏರಿಸುವ ಒಪ್ಪಂದಕ್ಕೆ ಕೇಂದ್ರ ಸರ್ಕಾರ 2018ರಲ್ಲಿ ಸಹಿ ಹಾಕಿತು. ಆ ಸಂಸ್ಥೆಯ ಸಭಾಂಗಣಕ್ಕೆ ಕೆ.ಎನ್. ಉಡುಪರ ಹೆಸರನ್ನೇ ಇಡಲಾಗಿದೆ.